ತೊಳೆನೀರಿನ ತಡೆ: ಚಳಿಗಾಲದ ಒಳಾಂಗಣದಲ್ಲಿ

ಸೂರಿನಡಿ ವಾಹನವನ್ನೋ ಯಂತ್ರವನ್ನೋ ತೊಳೆದಾಗ ಹೊರಡುವ ನೀರನ್ನು ಕಂಡಕಂಡತ್ತ ಹರಿಯಗೊಡದೆ ಒಂದೆಡೆ ಹಿಡಿದು, ಅದರಲ್ಲಿನ ಮಣ್ಣು, ಎಣ್ಣೆ ತೆಗೆದು, ಸೇರಬೇಕಾದ ಕೊಳವೆಗೆ ಸೇರಿಸುವ ಏರ್ಪಾಡೇ ತೊಳೆನೀರಿನ ತಡೆ. ಕಾರು, ಸ್ಕೂಟರ್, ಏರ್ ಕೂಲರ್, ಜನರೇಟರ್, ಹೊಟೇಲಿನ ಚಿಮಣಿ ಜಾಲರಿ, ತೋಟದ ಸಿಂಪಡಣೆ ಪಂಪು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಹಿಮ ಬೀಳುವ ದೇಶಗಳಲ್ಲಿ ತೊಳೆನೀರಿನಿಂದ ಗ್ಯಾರೇಜಿನ ನೆಲ ಹೆಪ್ಪುಗಟ್ಟುವ ತೊಂದರೆ. ಹಿಮ ಬೀಳದ ನಾಗಪುರದಂಥ ಊರಿನಲ್ಲಿ ತೊಂದರೆ ಬೇರೆ: ಬೇಸಿಗೆಯಲ್ಲಿ ತಾನೇ ಆರಿ ಮಾಯವಾಗುವ ನೀರು ಡಿಸೆಂಬರಿನಲ್ಲಿ ಬಿದ್ದಲ್ಲೇ ನಿಲ್ಲುತ್ತದೆ. ಆ ಊರಿನ ಪಶ್ಚಿಮ ಭಾಗದ ಧರಮಪೇಠವನ್ನು ಮುಂದಿಟ್ಟುಕೊಂಡು ವಿಷಯವನ್ನು ಇಲ್ಲಿ ವಿವರಿಸಿದೆ.

ಸ್ಥಳ

ಧರಮಪೇಠ ನಾಗಪುರ ಮಹಾನಗರಪಾಲಿಕೆಯ ಹತ್ತು ವಲಯಗಳಲ್ಲಿ ಎರಡನೆಯದು. ಪಕ್ಕದಲ್ಲಿ ಗೋಕುಳಪೇಠ ಮಾರುಕಟ್ಟೆ, ನೈಋತ್ಯಕ್ಕೆ ಅಂಬಾಝರಿ ಕೆರೆ, ವಾಯವ್ಯಕ್ಕೆ ಫುಟಾಳಾ ಕೆರೆ. ಅಂಬಾಝರಿಯಿಂದ ಹೊರಟ ನಾಗ ನದಿ ಬಡಾವಣೆಯ ದಕ್ಷಿಣದಲ್ಲಿ ಪೂರ್ವಕ್ಕೆ ಹರಿದು, ಊರು ದಾಟಿ, ಕನ್ಹಾನ್ ನದಿಯ ಮೂಲಕ ವೈನ್‌ಗಂಗೆಯನ್ನು ಸೇರುತ್ತದೆ. ಮುಂದೆ ಅದೇ ನೀರು ಗೋಸೀಖುರ್ದ್ ಜಲಾಶಯದಲ್ಲಿ ನಿಲ್ಲುತ್ತದೆ. ಧರಮಪೇಠದ ಪಾರ್ಕಿಂಗಿನಲ್ಲಿ ಸೋರಿದ ಎಂಜಿನ್ ಎಣ್ಣೆಗೆ ಕೊನೆಯ ನಿಲ್ದಾಣ ಭಂಡಾರಾ ಜಿಲ್ಲೆಯ ಕಡೆಗಿದೆ ಎಂಬುದು ಅದನ್ನು ಸೋರಲು ಬಿಟ್ಟವರಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಒಂದು ಕಾಲಕ್ಕೆ ಅಂಗಳವಿದ್ದ ಬಂಗಲೆಗಳ ಬಡಾವಣೆ ಇದು. ಅಂಥ ನಿವೇಶನಗಳಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದಂತೆ ಅಂಗಳದ ಕೆಲಸವೆಲ್ಲ ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ಸ್ಟಿಲ್ಟ್ ಪಾರ್ಕಿಂಗಿಗೆ, ಬೇಸ್‌ಮೆಂಟಿಗೆ, ಬಾಲ್ಕನಿಗೆ ಇಳಿದಿದೆ. ಅಂಗಳದ ಮಣ್ಣು ನೀರು ಕುಡಿಯುತ್ತಿತ್ತು, ಟೈಲ್ಸ್ ನೆಲ ಕುಡಿಯುವುದಿಲ್ಲ. ಇನ್ನೊಂದು ಸಂಗತಿಯೂ ಸೇರಿಕೊಂಡಿದೆ. ದಿನವಿಡೀ ನಲ್ಲಿ ನೀರು ಕೊಡುವ ನಾಗಪುರದ ಯೋಜನೆ ಮೊದಲು ಪ್ರಯೋಗಕ್ಕೆ ಬಂದದ್ದು ಧರಮಪೇಠ ವಲಯದಲ್ಲೇ. 2012ರ ಮಾರ್ಚಿನಿಂದ ಇಡೀ ನಗರದ ನೀರು ಪೂರೈಕೆಯನ್ನು ಆರೆಂಜ್ ಸಿಟಿ ವಾಟರ್ ಸಂಸ್ಥೆ ನೋಡಿಕೊಳ್ಳುತ್ತಿದೆ. ಪೇಂಚ್ ಮತ್ತು ಕನ್ಹಾನ್ ನದಿಗಳಿಂದ ಬರುವ ಈ ನೀರು ಮನೆಮನೆಗೆ ತಲುಪಲಿ ಎಂಬುದು ಯೋಜನೆಯ ಆಶಯ. ಆದರೆ ಪೈಪಿನಲ್ಲಿ ಸದಾ ನೀರಿರುವ ಕಡೆ ಬಕೆಟ್ಟಿಗಿಂತ ಹೋಸ್ ಪೈಪು ಬೇಗ ಕೈಗೆ ಬರುತ್ತದೆ.

ಚಳಿಗಾಲದ ಲೆಕ್ಕ

ನಾಗಪುರವನ್ನು ಕನ್ನಡಿಗರು ನೆನೆಯುವುದು ಮೇ ತಿಂಗಳ 45 ಡಿಗ್ರಿಯ ಬಿಸಿಲಿಗೆ. ಅದೇ ಊರಿನಲ್ಲಿ 2018ರ ಡಿಸೆಂಬರ್ 29ರಂದು ಕನಿಷ್ಠ ಉಷ್ಣತೆ 3.5 ಡಿಗ್ರಿಗೆ ಇಳಿದಿತ್ತು. ಅಂಥ ದಿನಗಳು ವಿರಳ. ಆದರೂ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಚಳಿ 10ರಿಂದ 13 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಬೇಸ್‌ಮೆಂಟಿನ ಬಾಗಿಲು, ಶಟರು ಮುಚ್ಚಿರುತ್ತವೆ. ನೀರು ಹೆಪ್ಪುಗಟ್ಟುವ ಮಾತಿಲ್ಲ, ಪೈಪು ಒಡೆಯುವ ಮಾತೂ ಇಲ್ಲ. ಬದಲಾಗುವುದು ಎರಡು: ಆರುವಿಕೆ, ಜಿಗುಟು.

ಆರುವಿಕೆಯನ್ನು ಲೆಕ್ಕ ಹಾಕಿಯೇ ನೋಡಬಹುದು. 15 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 13 ಗ್ರಾಂ ನೀರಾವಿಯನ್ನು ಹೊರುತ್ತದೆ, 40 ಡಿಗ್ರಿಯಲ್ಲಿ 51 ಗ್ರಾಂ. ನೂರು ಚದರ ಮೀಟರ್ ಹರವಿನ, ಎರಡೂವರೆ ಮೀಟರ್ ಎತ್ತರದ ಬೇಸ್‌ಮೆಂಟಿನಲ್ಲಿ 250 ಘನ ಮೀಟರ್ ಗಾಳಿ ಇರುತ್ತದೆ. ಜನವರಿಯ ಬೆಳಿಗ್ಗೆ ಅಲ್ಲಿ ಶೇ. 60 ತೇವ ಮೊದಲೇ ಇದ್ದರೆ, ಬಾಗಿಲು ಮುಚ್ಚಿದ ಆ ಗಾಳಿ ಇನ್ನೂ ಹೀರಬಲ್ಲದ್ದು ಒಂದೂಕಾಲು ಲೀಟರ್ ಮಾತ್ರ. ಮೇ ತಿಂಗಳ 40 ಡಿಗ್ರಿಯ, ಶೇ. 20 ತೇವದ ಗಾಳಿ ಅಷ್ಟೇ ಜಾಗದಲ್ಲಿ ಹತ್ತು ಲೀಟರ್ ಹೀರುತ್ತದೆ. ಅರ್ಧ ಬಕೆಟ್ ನೀರು ಬೇಸಿಗೆಯಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಚಳಿಗಾಲದಲ್ಲಿ ಅದೇ ನೀರು ಗೋಡೆಯ ಬುಡ ಹತ್ತಿ ಸುಣ್ಣ ಉಬ್ಬಿಸುತ್ತದೆ, ಮೀಟರ್ ಬೋರ್ಡಿನ ಮೇಲೆ ಹನಿಗಟ್ಟುತ್ತದೆ. ಬೇಸಿಗೆ ಮುಚ್ಚಿಟ್ಟ ಉದಾಸೀನವನ್ನು ಚಳಿಗಾಲ ತೆರೆದು ತೋರಿಸುತ್ತದೆ ಎಂದರೂ ಸರಿಯೇ.

ಎರಡನೆಯದು ಜಿಗುಟು. ನೀರಿನ ಸ್ನಿಗ್ಧತೆ 35 ಡಿಗ್ರಿಯಲ್ಲಿ 0.72 ಸೆಂಟಿಪಾಯ್ಸ್, 15 ಡಿಗ್ರಿಯಲ್ಲಿ 1.14. ಕೂದಲೆಳೆಯ ದಪ್ಪದ, ಅಂದರೆ ಹತ್ತನೇ ಒಂದು ಮಿಲಿಮೀಟರ್ ಅಗಲದ ಎಣ್ಣೆಹನಿ 60 ಸೆಂಟಿಮೀಟರ್ ಆಳದ ತೊಟ್ಟಿಯ ತಳದಿಂದ ಮೇಲಕ್ಕೆ ತೇಲಲು ಬೇಸಿಗೆಯಲ್ಲಿ ಸುಮಾರು 13 ನಿಮಿಷ ಸಾಕು, ಚಳಿಯಲ್ಲಿ 21 ನಿಮಿಷ ಬೇಕು. ತಳಕ್ಕಿಳಿಯುವ ನವಿರು ಮಣ್ಣಿಗೂ ಇದೇ ಲೆಕ್ಕ. ಬೇಸಿಗೆಯ ಅಂದಾಜಿನಲ್ಲಿ ಕಟ್ಟಿದ ಎಣ್ಣೆ ಬೇರ್ಪಡಿಸುವ ತೊಟ್ಟಿ ಡಿಸೆಂಬರಿನಲ್ಲಿ ಎಣ್ಣೆ ಕಕ್ಕುವುದಕ್ಕೆ ಇದೇ ಕಾರಣ. ತೊಟ್ಟಿಯನ್ನು ದೊಡ್ಡದು ಮಾಡಬೇಕು, ಇಲ್ಲವೇ ನೀರು ಬಿಡುವ ವೇಗ ಕಡಿಮೆ ಮಾಡಬೇಕು. ಎರಡನೆಯದಕ್ಕೆ ಕಾಸು ಖರ್ಚಿಲ್ಲ.

ನೀರಿನಲ್ಲಿ ಏನಿರುತ್ತದೆ

ಕಾರು ತೊಳೆದ ನೀರಿನಲ್ಲಿ ಹೆಚ್ಚಿನ ಪಾಲು ಮಣ್ಣೇ. ಪಶ್ಚಿಮ ನಾಗಪುರ ದಖನ್ ಕಪ್ಪುಶಿಲೆಯ ಮೇಲೆ ಕುಳಿತಿದೆ. ಆ ಶಿಲೆ ಶಿಥಿಲಗೊಂಡು ಆದ ಎರೆಮಣ್ಣಿನ ಸ್ವಭಾವ ಧಾರವಾಡ, ವಿಜಯಪುರದವರಿಗೆ ಹೇಳಿಕೊಡಬೇಕಿಲ್ಲ: ನೀರು ಕಂಡರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಕಣ ಎಷ್ಟು ನವಿರೆಂದರೆ ತೊಟ್ಟಿಯಲ್ಲಿ ಗಂಟೆಗಟ್ಟಲೆ ತಳ ಸೇರುವುದಿಲ್ಲ. ತೊಳೆನೀರನ್ನು ಕಾಂಪೌಂಡಿನ ಬದಿಯ ಮಣ್ಣಿಗೆ ಹರಿಸಿದರೆ ಮುಗಿಯಿತು ಎನ್ನುವವರು ಕಟ್ಟಡದ ತಳಪಾಯದ ಒಂದು ಬದಿಗೆ ಮಾತ್ರ ನೀರುಣಿಸುತ್ತಿದ್ದಾರೆ. ಒಂದು ಕಡೆ ಮಣ್ಣು ಉಬ್ಬಿ, ಇನ್ನೊಂದು ಕಡೆ ಒಣಗಿದಾಗ ಗೋಡೆ ಬಿರುಕು ಬಿಡುತ್ತದೆ.

ಮಣ್ಣಿನ ಜೊತೆಗೆ ಎಂಜಿನ್ ಎಣ್ಣೆ, ಗ್ರೀಸು, ಬ್ರೇಕಿನಿಂದ ಉದುರಿದ ಕಬ್ಬಿಣ ಹಾಗೂ ತಾಮ್ರದ ಪುಡಿ, ಟೈರಿನ ಸವೆತ, ಶಾಂಪೂ. ಇವುಗಳಲ್ಲಿ ಕೆಲಸ ಕೆಡಿಸುವುದು ಶಾಂಪೂ. ಅದು ಎಣ್ಣೆಯನ್ನು ಕಣ್ಣಿಗೆ ಕಾಣದ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಸಿಬಿಡುತ್ತದೆ, ಹಾಗೆ ಬೆರೆತ ಎಣ್ಣೆ ತೊಟ್ಟಿಯಲ್ಲಿ ತೇಲುವುದೇ ಇಲ್ಲ. ನೊರೆ ಹೆಚ್ಚಿದ್ದಷ್ಟೂ ಚೊಕ್ಕಟ ಎಂಬ ನಂಬಿಕೆ ಪಾತ್ರೆ ತೊಳೆಯುವಲ್ಲಿ ನಡೆದೀತು, ಗ್ಯಾರೇಜಿನಲ್ಲಿ ನಡೆಯುವುದಿಲ್ಲ.

1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ ನದಿ, ಕೆರೆಗೆ ಬಿಡುವ ತ್ಯಾಜ್ಯನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ಎಣ್ಣೆ-ಗ್ರೀಸು ಮತ್ತು 100 ಮಿಲಿಗ್ರಾಂ ತೇಲುಕಣ ಮೀರಬಾರದು. ಸಾರ್ವಜನಿಕ ಒಳಚರಂಡಿಗಾದರೆ ಮಿತಿ 20 ಮತ್ತು 600. ಎರಡಕ್ಕೂ ಆಮ್ಲಾಂಕ 5.5ರಿಂದ 9.0ರೊಳಗೆ ಇರಬೇಕು. ಎರಡು ಬಗೆಯ ಕೊಳವೆಗೆ ಎರಡು ಬಗೆಯ ಮಿತಿ ಇರುವುದನ್ನು ಗಮನಿಸಬೇಕು. ರಸ್ತೆ ಬದಿಯ ಮಳೆನೀರು ಚರಂಡಿ ಶುದ್ಧೀಕರಣವಿಲ್ಲದೆ ನೇರ ನಾಗ ನದಿಗೆ ಹೋಗುತ್ತದೆ. ಒಳಚರಂಡಿಯ ನೀರಿಗೆ ಭಾಂಡೇವಾಡಿಯ ಶುದ್ಧೀಕರಣ ಘಟಕದ ಹಾದಿಯಿದೆ, ಅಲ್ಲಿ ಶುದ್ಧವಾದ ನೀರು ಕೋರಾಡಿಯ ಉಷ್ಣ ವಿದ್ಯುತ್ ಸ್ಥಾವರದ ಬಳಕೆಗೆ ಸಲ್ಲುತ್ತದೆ. ಕೊಳೆನೀರನ್ನು ವಿದ್ಯುತ್ ಸ್ಥಾವರಕ್ಕೆ ಮಾರುವ ಈ ಏರ್ಪಾಡಿನಿಂದ ನಾಗಪುರಕ್ಕೆ ದೇಶದಲ್ಲಿ ಹೆಸರು ಬಂದಿದೆ. ಹೀಗಾಗಿ ಪಾರ್ಕಿಂಗಿನ ತೊಳೆನೀರನ್ನು ಯಾವ ಚೇಂಬರಿಗೆ ಜೋಡಿಸಿದೆ ಎಂಬುದು ಎಷ್ಟು ಸೋಸಿದೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಹಳೆಯ ಕಟ್ಟಡಗಳಲ್ಲಿ ಪ್ಲಂಬರನನ್ನು ಕರೆಸಿ, ಬಣ್ಣದ ನೀರು ಸುರಿದು, ಅದು ಯಾವ ಚೇಂಬರಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ನೋಡದೆ ಇದನ್ನು ಹೇಳಲಾಗದು.

ಕೂಲರ್ ಎಂಬ ಸಲಕರಣೆ

ನಾಗಪುರದ ಮಟ್ಟಿಗೆ ಚಳಿಗಾಲದ ಮನೆಯೊಳಗಿನ ತೊಳೆತವೆಂದರೆ ಮೊದಲು ಬರುವುದು ಕಾರಲ್ಲ, ಕೂಲರ್. ಕಿಟಕಿಗೆ ತಗುಲಿಸಿದ ತಗಡಿನ ದೊಡ್ಡ ಕೂಲರ್ ಇಲ್ಲಿನ ಬೇಸಿಗೆಯ ಜೀವ. ಗಾಳಿ ಒಣಗಿರುವವರೆಗೆ ಮಾತ್ರ ಅದು ತಂಪು ಕೊಡುತ್ತದೆ, ಮಳೆ ಬಂದೊಡನೆ ನಿರುಪಯೋಗಿ. ಡೆಂಗಿ ಹರಡುವ ಸೊಳ್ಳೆ ಅದರ ಟ್ಯಾಂಕಿನಲ್ಲಿ ಮೊಟ್ಟೆಯಿಡುವುದರಿಂದ ಮಳೆಗಾಲದಲ್ಲಿ ಟ್ಯಾಂಕು ಬರಿದು ಮಾಡಿರೆಂದು ಪಾಲಿಕೆ ಕೇಳಿಕೊಳ್ಳುತ್ತದೆ. ಬರಿದು ಮಾಡುವವರೂ ತೊಳೆದು ಒಳಗಿಡುವ ಕೆಲಸವನ್ನು ದೀಪಾವಳಿಯ ನಂತರಕ್ಕೆ ತಳ್ಳುವುದುಂಟು.

ಆಗ ಟ್ಯಾಂಕಿನ ತಳ ನೋಡಬೇಕು. ಬೇಸಿಗೆಯಿಡೀ ಆವಿಯಾದ ನೀರು ಬಿಟ್ಟುಹೋದ ಸುಣ್ಣದ ಬಿಳಿ ಹುರುಪು ಚಿಪ್ಪಿನಂತೆ ಅಂಟಿರುತ್ತದೆ. ಅದರಡಿ ತುಕ್ಕಿನ ಕೆಂಪು, ಮೇಲೆ ಹುಲ್ಲು ಪ್ಯಾಡಿನಿಂದ ಉದುರಿದ ಮರದ ನಾರು ಮತ್ತು ಕಪ್ಪು ಧೂಳಿನ ಕೆಸರು. ಹುರುಪು ಬಿಡಿಸಲು ಜನ ನಿಂಬೆಹುಳಿಯಿಂದ ಹಿಡಿದು ಶೌಚಾಲಯದ ಆಸಿಡ್‌ವರೆಗೆ ಎಲ್ಲವನ್ನೂ ಸುರಿಯುತ್ತಾರೆ. ಆಸಿಡ್ ಸುರಿದವರ ಬಾಲ್ಕನಿಗೆ ಶಹಾಬಾದ್ ಕಲ್ಲು ಹಾಸಿದ್ದರೆ ಇನ್ನೊಂದು ಅನಾಹುತ. ನಮ್ಮ ಕಲಬುರಗಿ ಜಿಲ್ಲೆಯಿಂದ ಮಹಾರಾಷ್ಟ್ರದ ಮನೆಮನೆಗೆ ಹೋಗಿರುವ ಈ ಫರಶಿ ಸುಣ್ಣದ ಕಲ್ಲು. ಆಸಿಡ್ ತಾಗಿದ ಕಡೆ ಬುರುಬುರು ನೊರೆ ಎದ್ದು ಕಲ್ಲಿನ ನುಣುಪು ಹೋಗುತ್ತದೆ, ಆ ಉರುಟು ಜಾಗದಲ್ಲಿ ಮುಂದೆ ಕೊಳೆ ಖಾಯಂ ಕೂರುತ್ತದೆ.

ಕೂಲರಿನ ತೊಳೆನೀರು ಬಾಲ್ಕನಿಯಿಂದ ಕೆಳಗಿನ ಮನೆಯ ಒಣಹಾಕಿದ ಬಟ್ಟೆಯ ಮೇಲೆ ಇಳಿದು, ದೂರು ಸೊಸೈಟಿಯ ಸಭೆಗೆ ಹೋಗುವುದು ಸಾಮಾನ್ಯ. ತಡೆಯುವುದು ಕಷ್ಟವೇನಲ್ಲ. ಒದ್ದೆ ಮಾಡುವ ಮೊದಲು ಹುರುಪನ್ನು ಮರದ ಕರಣೆಯಿಂದ ಒಣಗಿದ್ದಾಗಲೇ ಕೆರೆದು ತೆಗೆಯಬೇಕು. ನಾರು, ಧೂಳನ್ನು ಪೊರಕೆಯಿಂದ ಗುಡಿಸಿ ಕಸದ ಚೀಲಕ್ಕೆ ಹಾಕಬೇಕು. ಉಳಿದದ್ದಕ್ಕೆ ಒಂದು ಬಕೆಟ್ ನೀರು ಸಾಕು. ತೊಳೆಯುವುದು ಬಚ್ಚಲಿನಲ್ಲಿ, ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಬಾಯಿಗೆ ಹಳೆಯ ನೈಲಾನ್ ಬಲೆ ಕಟ್ಟಿ. ಪಂಪು, ಮೋಟರು ಬಿಚ್ಚಿ ಬೇರೆ ಇಡುವುದನ್ನು ಬರೆಯಬೇಕಾಗಿಲ್ಲ, ಆದರೂ ಬರೆದಿದೆ.

ಹಿಡಿಯುವ ವಿಧಾನಗಳು

ಎಲ್ಲಕ್ಕೂ ಮೊದಲನೆಯದು ನೀರನ್ನೇ ಕಡಿಮೆ ಬಿಡುವುದು. ನಲ್ಲಿಗೆ ಸಿಕ್ಕಿಸಿದ ಹೋಸ್ ಪೈಪು ನಿಮಿಷಕ್ಕೆ 10ರಿಂದ 20 ಲೀಟರ್ ಕೊಡುತ್ತದೆ. ಹತ್ತು ನಿಮಿಷ ಬಿಟ್ಟರೆ ಸರಾಸರಿ 150 ಲೀಟರ್. ಮನೆಬಳಕೆಯ ಪ್ರೆಷರ್ ವಾಷರ್ ನಿಮಿಷಕ್ಕೆ ಆರೇಳು ಲೀಟರಿನಲ್ಲಿ ಕೆಲಸ ಮುಗಿಸುತ್ತದೆ. ಎರಡು ಬಕೆಟ್, ಎರಡು ಬಟ್ಟೆ ಹಿಡಿದು ನಸುಕಿನಲ್ಲಿ ಕಾರುಗಳನ್ನು ಒರೆಸಿ ಹೋಗುವ ಹುಡುಗರಿಗೆ 30 ಲೀಟರ್ ಹೆಚ್ಚೇ. ಹಿಡಿಯುವ ವ್ಯವಸ್ಥೆ ಇಲ್ಲದ ಪಾರ್ಕಿಂಗಿಗೆ ಆ ಹುಡುಗರ ಪದ್ಧತಿಯೇ ಸರಿ. ಯಂತ್ರ ತಂದವರು ಅವರನ್ನು ಬಿಡಿಸುವ ಮೊದಲು ಯೋಚಿಸುವುದು ಒಳ್ಳೆಯದು.

ಎರಡನೆಯದು ಅಂಚು ಎತ್ತರಿಸಿದ ಚಾಪೆ. ಹಿಮದ ನಾಡುಗಳಲ್ಲಿ ಕಾರಿನಿಂದ ಕರಗಿಳಿಯುವ ಹಿಮ ಮತ್ತು ರಸ್ತೆಯ ಉಪ್ಪುನೀರನ್ನು ಹಿಡಿಯಲು ಹುಟ್ಟಿದ ಉಪಾಯ ಇದು. ದಪ್ಪ ಪಿವಿಸಿ ಹಾಳೆ, ಸುತ್ತ ಸ್ಪಂಜು ತುಂಬಿದ ಅಂಚು. ಮಾರುವವರು ಹೇಳುವ ಸಾಮರ್ಥ್ಯ ಸಮತಟ್ಟು ನೆಲದ್ದು ಎಂಬುದನ್ನು ಮರೆಯಬಾರದು. ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, ಮೂರು ಸೆಂಟಿಮೀಟರ್ ಅಂಚಿನ ಚಾಪೆಗೆ ಕಾಗದದ ಮೇಲೆ 375 ಲೀಟರ್ ಹಿಡಿಯುತ್ತದೆ. ಆದರೆ ನಮ್ಮ ಗಾರೆಯವರು ಪಾರ್ಕಿಂಗ್ ನೆಲಕ್ಕೆ ನೂರಕ್ಕೆ ಒಂದರಂತೆ ವಾಟ ಕೊಟ್ಟಿರುತ್ತಾರೆ. ಐದು ಮೀಟರಿಗೆ ಐದು ಸೆಂಟಿಮೀಟರ್ ಇಳಿಜಾರು ಇದ್ದಾಗ ನೀರು ತಗ್ಗಿನ ಕಡೆ ಬೆಣೆಯಾಕಾರದಲ್ಲಿ ನಿಂತು, 112 ಲೀಟರ್ ಆಗುತ್ತಲೇ ಅಂಚು ದಾಟುತ್ತದೆ. ಟೈರುಗಳು ಆಕ್ರಮಿಸಿದ ಜಾಗ ಕಳೆದರೆ ನೂರು ಲೀಟರ್ ಎಂದುಕೊಳ್ಳುವುದು ಕ್ಷೇಮ. ಬಕೆಟ್ಟಿಗೆ ಈ ಚಾಪೆ ಧಾರಾಳ, ಹೋಸ್ ಪೈಪಿಗೆ ಸಾಲದು. ತಗ್ಗಿನ ಅಂಚಿನ ಕೆಳಗೆ ಒಂದು ಮರದ ಪಟ್ಟಿ ಇಟ್ಟು ಎತ್ತರಿಸಿದರೆ ಸಾಮರ್ಥ್ಯ ಕೂಡಲೇ ಹೆಚ್ಚುತ್ತದೆ. ಹಿಡಿದ ನೀರನ್ನು ವೈಪರಿನಿಂದ ಎಳೆದು, ಇಲ್ಲವೇ ನೀರು ಹೀರುವ ವ್ಯಾಕ್ಯೂಮಿನಿಂದ ಎತ್ತಿ ಒಳಚರಂಡಿಯ ಚೇಂಬರಿಗೆ ಹಾಕಬೇಕು. ಚಾಪೆಯಲ್ಲೇ ಆರಲಿ ಎಂದು ಬಿಡುವುದು ಮೇ ತಿಂಗಳ ಮಾತು.

ಶಾಶ್ವತ ಏರ್ಪಾಡು ಬೇಕಿದ್ದರೆ ತೊಳೆಯುವ ಜಾಗವನ್ನೇ ಗೊತ್ತು ಮಾಡಿ, ಸುತ್ತ ಕಾರು ಹತ್ತಿಳಿಯುವಷ್ಟು ತಗ್ಗಿನ ಬದು ಹಾಕಿ, ನೆಲದ ವಾಟವನ್ನು ಒಂದೇ ಕಡೆಗೆ ತಿರುಗಿಸಿ, ಅಲ್ಲಿ ಜಾಲರಿ ಮುಚ್ಚಿದ ಉದ್ದ ಕಾಲುವೆ ಕೊಡುತ್ತಾರೆ. ಕಾಲುವೆಯ ನೀರು ಮೊದಲು ಮಣ್ಣು ಇಳಿಯುವ ತೊಟ್ಟಿಗೆ, ಅಲ್ಲಿಂದ ಎಣ್ಣೆ ತೇಲುವ ತೊಟ್ಟಿಗೆ, ಕೊನೆಗೆ ವಾಸನೆ ತಡೆಯುವ ಗಲ್ಲಿ ಟ್ರ್ಯಾಪ್ ಮೂಲಕ ಒಳಚರಂಡಿಗೆ. ಎರಡನೆಯ ತೊಟ್ಟಿಯಿಂದ ಹೊರಹೋಗುವ ಪೈಪಿನ ಬಾಯಿ ತಳದ ಕಡೆಗೆ ಬಗ್ಗಿರಬೇಕು, ಆಗಷ್ಟೇ ತೇಲುವ ಎಣ್ಣೆ ಹಿಂದುಳಿದು ನೀರು ಮಾತ್ರ ಹೋಗುತ್ತದೆ. ಯುರೋಪಿನಲ್ಲಿ ಈ ತೊಟ್ಟಿಗಳಿಗೆಂದೇ ಇಎನ್ 858 ಎಂಬ ಮಾನಕವಿದೆ. ಅದರ ಮೊದಲ ದರ್ಜೆಯ ತೊಟ್ಟಿ ಎಣ್ಣೆಯನ್ನು ಲೀಟರಿಗೆ 5 ಮಿಲಿಗ್ರಾಮಿಗೆ ಇಳಿಸಬೇಕು. ಜರ್ಮನಿಯ ಅನೇಕ ಊರುಗಳಲ್ಲಿ ಮನೆ ಮುಂದಿನ ರಸ್ತೆಯಲ್ಲಿ ಕಾರು ತೊಳೆಯುವಂತೆಯೇ ಇಲ್ಲ, ತೊಟ್ಟಿ ಇರುವ ವಾಷಿಂಗ್ ಸೆಂಟರಿಗೇ ಹೋಗಬೇಕು.

ಧರಮಪೇಠದ ಆಸುಪಾಸಿನ ಬೇಸ್‌ಮೆಂಟ್‌ಗಳಲ್ಲಿ ಒಂದು ಇಕ್ಕಟ್ಟಿದೆ. 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಕೆಲವೇ ಗಂಟೆಗಳಲ್ಲಿ ನೂರು ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಅಂಬಾಝರಿ ಉಕ್ಕಿ, ನಾಗ ನದಿ ದಂಡೆ ಮೀರಿ, ಕೆರೆಯ ಕೆಳಗಿನ ಬಡಾವಣೆಗಳ ನೆಲಮಹಡಿಗೆ ನೀರು ನುಗ್ಗಿತ್ತು. ಜೀವಹಾನಿಯೂ ಆಯಿತು. ರ‍್ಯಾಂಪಿನ ಬಾಯಿಗೆ ಎತ್ತರದ ಉಬ್ಬು ಕಟ್ಟಿಸಿ ಹೊರಗಿನ ನೀರು ತಡೆಯುವುದು ಇಂಥ ಅನುಭವದ ಸಹಜ ಪಾಠ. ಆದರೆ ಹೊರಗಿನ ನೀರು ಒಳಬಾರದಂತೆ ಕಟ್ಟಿದ ಉಬ್ಬು ಒಳಗಿನ ನೀರನ್ನೂ ಹೊರಬಿಡದು. ಅಂಥ ಕಡೆ ಸಂಪು ಮತ್ತು ಪಂಪು ಬೇಕೇ ಬೇಕು, ಪಂಪಿನ ಪೈಪಿಗೆ ನೀರು ಹಿಂದಿರುಗದ ವಾಲ್ವ್ ಇರಬೇಕು. ಮಳೆಗಾಲದ ಭಯಕ್ಕೆ ಕೂರಿಸಿದ ಈ ಪಂಪಿಗೆ ಚಳಿಗಾಲದ ಎಣ್ಣೆ ಬೆರೆತ ಕೆಸರು ಕುಡಿಸಿದರೆ ಮುಂದಿನ ಮಳೆಗೆ ಅದು ಓಡುವುದಿಲ್ಲ. ಮಣ್ಣಿನ ತೊಟ್ಟಿ ಸಂಪಿಗಿಂತ ಮೊದಲು ಇರಬೇಕೆನ್ನುವುದು ಇದಕ್ಕೇ.

ಸಂಪಿನಲ್ಲಿ ನೀರು ನಿಲ್ಲಿಸಿಡುವುದಕ್ಕೂ ಮಿತಿಯಿದೆ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಚ್ಚನೆಯ ದಿನಗಳಲ್ಲಿ ವಾರ, ಹತ್ತು ದಿನ ಸಾಕು. ಚಳಿಯಲ್ಲಿ ಹೆಚ್ಚು ದಿನ ಹಿಡಿದರೂ ವಾರಕ್ಕೊಮ್ಮೆ ಬರಿದು ಮಾಡುವ ರೂಢಿಯನ್ನು ಬಿಡಬಾರದು.

ಜೀವಕ್ಕೆ ಸಂಬಂಧಿಸಿದ ಎರಡು ಮಾತು ಇಲ್ಲೇ ಸೇರಬೇಕು. ಪೆಟ್ರೋಲ್ ಎಂಜಿನ್ನಿನ ಪ್ರೆಷರ್ ವಾಷರನ್ನು ಚಳಿಗೆಂದು ಬಾಗಿಲು ಮುಚ್ಚಿದ ಬೇಸ್‌ಮೆಂಟಿನಲ್ಲಿ ಓಡಿಸಿದರೆ ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ವಿದ್ಯುತ್ ಯಂತ್ರವಾದರೆ ಒದ್ದೆ ನೆಲದಲ್ಲಿ ಎಕ್ಸ್‌ಟೆನ್ಷನ್ ಬೋರ್ಡು ಬಿದ್ದಿರಬಾರದು, ಆ ಲೈನಿಗೆ ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು.

ಸಿಂಪಡಣೆ ಪಂಪನ್ನು ಮಾತ್ರ ಇಲ್ಲಿ ಹೇಳಿದ ಯಾವ ಜಾಗದಲ್ಲೂ ತೊಳೆಯಕೂಡದು. ಊರಾಚೆ ಕಿತ್ತಳೆ ತೋಟ ಇರುವ ನಾಗಪುರದ ಕುಟುಂಬಗಳು ಪಂಪನ್ನು ಮನೆಗೆ ತರುವುದುಂಟು. ಕೀಟನಾಶಕದ ಅಪಾಯ ಎಂಥದೆಂದು 2017ರಲ್ಲಿ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಹೊಲದ ಸಿಂಪಡಣೆಯಿಂದಾದ ಸಾವುಗಳು ತೋರಿಸಿವೆ. ಪಂಪನ್ನು ಹೊಲದಲ್ಲೇ ಮೂರು ಬಾರಿ ಜಾಲಿಸಿ, ಆ ನೀರನ್ನು ಸಿಂಪಡಿಸಿದ ಬೆಳೆಗೇ ಹೊಡೆದು ಬರಬೇಕು.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ ವಿಷಯ ನೀರಿನ ಅಭಾವದ ಕಡೆಯಿಂದ ಬಂತು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತು, ಮತ್ತೆ ತಪ್ಪಿದರೆ ದಿನಕ್ಕೆ 500 ಹೆಚ್ಚುವರಿ. 2025ರ ಫೆಬ್ರವರಿಯಲ್ಲಿ ಅದನ್ನೇ ಮತ್ತೆ ಹೊರಡಿಸಿತು. ಆದೇಶ ನೋಡಿದ್ದು ಯಾವ ನೀರು ಬಳಸುತ್ತೀರಿ ಎಂಬುದನ್ನು. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಅದರ ವಿಷಯವಾಗಿರಲಿಲ್ಲ. ಬೋರ್‌ವೆಲ್ ನೀರಿನಲ್ಲಿ ತೊಳೆದು ರಾಜಕಾಲುವೆಗೆ ಹರಿಸಿದವರು ಆ ಆದೇಶದ ಮಟ್ಟಿಗೆ ನಿರಪರಾಧಿಗಳು.

ಕರ್ನಾಟಕದಲ್ಲಿ ಚಳಿಗಾಲದ ತೊಳೆನೀರನ್ನು ಹಿಡಿಯುವ ನಿಜವಾದ ಹಳೆಯ ಅನುಭವ ಇರುವುದು ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಅದರ ಬೆನ್ನಿಗೆ. ಹಣ್ಣಿನ ಸಿಪ್ಪೆ ತೆಗೆದು ಬೀಜ ತೊಳೆಯುವ ಪಲ್ಪರ್ ಮನೆಯಲ್ಲಿ ಯಂತ್ರವನ್ನು ದಿನದಿನವೂ ತೊಳೆಯದಿದ್ದರೆ ಉಳಿದ ಸಿಪ್ಪೆ ಹುಳಿತು ಮರುದಿನದ ಕಾಫಿಗೆ ವಾಸನೆ ಹಿಡಿಸುತ್ತದೆ. ಈ ನೀರು ಸಕ್ಕರೆ, ಲೋಳೆಯಿಂದ ಕೂಡಿ ಬೇಗ ಹುಳಿಯಾಗುತ್ತದೆ, ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕವನ್ನು ತಿಂದು ಮೀನು ಸಾಯಿಸುತ್ತದೆ. ಚಳಿಗಾಲದಲ್ಲಿ ಹಳ್ಳದ ಹರಿವೇ ಕಡಿಮೆ ಇರುವುದರಿಂದ ಪೆಟ್ಟು ಇನ್ನೂ ಜೋರು. ಹಾಗಾಗಿ ತೋಟಗಳಲ್ಲಿ ಸುಣ್ಣ ಹಾಕಿ ಹುಳಿ ಮುರಿದು, ಹೊಂಡಗಳಲ್ಲಿ ನಿಲ್ಲಿಸಿ, ಅದೇ ನೀರನ್ನು ಸಾಧ್ಯವಾದಷ್ಟು ಮತ್ತೆ ಪಲ್ಪಿಂಗಿಗೆ ತಿರುಗಿಸುವ ಪದ್ಧತಿ ಬಂದಿದೆ; ಕಡಿಮೆ ನೀರಿನ ಪಲ್ಪರುಗಳು ಬಂದ ಮೇಲೆ ಹೊಂಡದ ಗಾತ್ರವೂ ತಗ್ಗಿತು. ಶುದ್ಧೀಕರಣಕ್ಕೆ ಸುರಿಯುವ ದುಡ್ಡನ್ನು ಮೊದಲು ನೀರು ಕಡಿಮೆ ಮಾಡುವ ಯಂತ್ರಕ್ಕೆ ಹಾಕಬೇಕೆಂಬುದನ್ನು ನಗರದ ಸರ್ವಿಸ್ ಸ್ಟೇಷನ್ನುಗಳಿಗಿಂತ ಕಾಫಿ ಬೆಳೆಗಾರರು ಮುಂಚೆ ಕಂಡುಕೊಂಡಿದ್ದರು.

ತೊಳೆನೀರನ್ನು ಮರುಬಳಸುವುದರಲ್ಲಿ ರೈಲ್ವೆಯ ಸ್ವಯಂಚಾಲಿತ ಬೋಗಿ ತೊಳೆಯುವ ಘಟಕಗಳೂ ಮುಂದಿವೆ. ಬಳಸುವ ನೀರಿನಲ್ಲಿ ಶೇ. 80ರಷ್ಟನ್ನು ಸೋಸಿ ಮತ್ತೆ ಬಳಸುವಂತೆ ಅವನ್ನು ರೂಪಿಸಲಾಗಿದೆ.

ಗಿಡಗಳಿಂದ ಶುದ್ಧೀಕರಣ

ಧರಮಪೇಠದಿಂದ ಹೆಚ್ಚು ದೂರವಿಲ್ಲದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ ನೀರಿ, 1958ರಲ್ಲಿ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಸಂಸ್ಥೆಯಾಗಿ ಹುಟ್ಟಿ 1974ರಲ್ಲಿ ಈಗಿನ ಹೆಸರು ಪಡೆಯಿತು. ಅದು ರೂಪಿಸಿದ ಫೈಟೊರಿಡ್ ಪದ್ಧತಿಯಲ್ಲಿ ಕೊಳೆನೀರನ್ನು ಜಲ್ಲಿ ತುಂಬಿದ ಕಟ್ಟೆಯೊಳಗೆ ಹಾಯಿಸುತ್ತಾರೆ. ಜಲ್ಲಿಯಲ್ಲಿ ಬೇರು ಬಿಟ್ಟ ಕಾಬಾಳೆಯಂಥ ಗಿಡಗಳು, ಅವುಗಳ ಬೇರಿನ ಸುತ್ತಲ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ವಿದ್ಯುತ್ತು ಹೆಚ್ಚು ಬೇಡ, ಕಾಂಪೌಂಡಿನ ಅಂಚಿನಲ್ಲಿ ಹೂದೋಟದಂತೆ ನಿಲ್ಲುತ್ತದೆ. ಅಪಾರ್ಟ್‌ಮೆಂಟಿನ ತೊಳೆನೀರಿಗೆ ಇದನ್ನು ಜೋಡಿಸುವುದಾದರೆ ಎಣ್ಣೆಯ ತೊಟ್ಟಿ ದಾಟಿದ ನೀರನ್ನೇ ಕೊಡಬೇಕು, ಎಣ್ಣೆ ಕವಿದ ಜಲ್ಲಿ ಕಟ್ಟಿಕೊಳ್ಳುತ್ತದೆ. ಚಳಿಗೆ ಸೂಕ್ಷ್ಮಜೀವಿಗಳ ಕೆಲಸವೂ ನಿಧಾನವಾಗುವುದರಿಂದ ನೀರು ಕಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವಂತೆ ನೋಡಿಕೊಳ್ಳಬೇಕು.

ಉಳಿಯುವ ಕೆಸರು

ನೀರು ಹೋದ ಮೇಲೆ ತೊಟ್ಟಿಯಲ್ಲಿ ಉಳಿಯುವುದು ಎರಡು: ತಳದ ಕಪ್ಪು ಕೆಸರು, ಮೇಲಿನ ಎಣ್ಣೆಪದರ. ಹೆಚ್ಚಿನ ಕಡೆ ವ್ಯವಸ್ಥೆ ಕೆಡುವುದು ಇಲ್ಲೇ, ಏಕೆಂದರೆ ಕಟ್ಟಿಸಿದವರು ಬರಿದು ಮಾಡುವ ಕೆಲಸವನ್ನು ಯಾರಿಗೂ ವಹಿಸಿರುವುದಿಲ್ಲ. ಕೆಸರು ತೊಟ್ಟಿಯ ಮೂರನೇ ಒಂದು ಪಾಲು ಏರುವ ಮೊದಲೇ ತೆಗೆಯುವುದು ಒಳ್ಳೆಯ ರೂಢಿ. ಎಣ್ಣೆಪದರವನ್ನು ತಗಡಿನ ಡಬ್ಬಿಯಿಂದ ಬಾಚಿ, ಮುಚ್ಚಳವಿರುವ ಕ್ಯಾನಿನಲ್ಲಿಟ್ಟು, ಹಳೆ ಎಣ್ಣೆ ಸಂಸ್ಕರಿಸಲು ಪರವಾನಗಿ ಇರುವವರಿಗೇ ಕೊಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಎಣ್ಣೆ ಬೆರೆತ ತ್ಯಾಜ್ಯವೂ ಪಟ್ಟಿಯಲ್ಲಿವೆ. ಗ್ಯಾರೇಜುಗಳಿಗೆ ಈ ಎಣ್ಣೆಗೆ ಬೆಲೆ ಇದೆಯೆಂದು ಗೊತ್ತು, ಅವರು ಪೀಪಾಯಿಯಲ್ಲಿ ಕೂಡಿಡುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಸಿಗುವುದು ವರ್ಷಕ್ಕೆ ಕೆಲವು ಲೀಟರ್ ಅಷ್ಟೇ. ಹತ್ತಿರದ ಗ್ಯಾರೇಜಿನ ಪೀಪಾಯಿಗೆ ಅದನ್ನು ಸೇರಿಸುವಂತೆ ಮಾತಾಡಿಕೊಳ್ಳುವುದು ಸುಲಭದ ದಾರಿ. ಎಣ್ಣೆಯಿಲ್ಲದ ಬರಿಯ ಮಣ್ಣಿನ ಕೆಸರನ್ನು ಗೋಣಿಚೀಲದಲ್ಲಿ ಕಟ್ಟಿ ನೀರಿಳಿಯಲು ತೊಟ್ಟಿಯ ಜಾಲರಿಯ ಮೇಲೆಯೇ ಇಡುತ್ತಾರೆ. ಜನವರಿಯಲ್ಲಿ ಅದು ಒಣಗಲು ಬೇಸಿಗೆಗಿಂತ ಬಹಳ ಹೆಚ್ಚು ದಿನ ಹಿಡಿಯುತ್ತದೆ, ಆದ್ದರಿಂದ ತೊಟ್ಟಿ ಬರಿದು ಮಾಡುವ ಕೆಲಸವನ್ನು ನವೆಂಬರಿನ ಬಿಸಿಲಿರುವಾಗಲೇ ಮುಗಿಸಿಕೊಳ್ಳುವುದು ವಾಸಿ.